ಮಾಡಿ ಕಲಿಯುವ ವಿಜ್ಞಾನ

ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರು ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲದಿಂದ 1887ರಲ್ಲಿಯೇ ಅಲ್ಲಿಯ ನೂಲಿನ ಗಿರಣಿಯ ಯಂತ್ರಗಳು ತಿರುಗಿದವು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟು ಅದೇ ನದಿಯನ್ನು ತಡೆದು ನಿಲ್ಲಿಸಿದೆ. ಎಡದಂಡೆಯ ಕಾಲುವೆಯು ಮೂಡಲಗಿ ಸೀಮೆಯ ಹೊಲಗಳಿಗೆ ನೀರುಣಿಸುತ್ತದೆ. ಹೀಗೆ ವಿಜ್ಞಾನದ ಪಾಠವು ಈ ಮೂರು ತಾಲ್ಲೂಕುಗಳ ಮಕ್ಕಳ ಕಣ್ಣೆದುರಿಗೇ ಹರಿಯುತ್ತಿದೆ. ಆದರೆ ಅದನ್ನು ತರಗತಿಯೊಳಕ್ಕೆ ತರುವುದು ಹೇಗೆ?

ಅದಕ್ಕೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ. ಒಂದು ಹಳೆಯ ಡಬ್ಬಿ, ಒಂದು ಮೊಳೆ, ಒಂದು ಕೊಡ ನೀರು ಸಾಕು. ಡಬ್ಬಿಯ ಮೇಲ್ಭಾಗ, ನಡು ಮತ್ತು ಬುಡಗಳಲ್ಲಿ ಒಂದೊಂದು ರಂಧ್ರ ಕೊರೆದು ನೀರು ತುಂಬಬೇಕು. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುವುದರಿಂದ, ಬುಡದ ರಂಧ್ರದ ನೀರೇ ಎಲ್ಲಕ್ಕಿಂತ ದೂರ ಚಿಮ್ಮುವುದೆಂದು ನಾವು ನಿರೀಕ್ಷಿಸುತ್ತೇವೆ. ಡಬ್ಬಿಯನ್ನು ನೆಲದ ಮೇಲಿಟ್ಟು ನೋಡಿದರೆ ನಡುವಿನ ರಂಧ್ರದ ನೀರೇ ಹೆಚ್ಚು ದೂರ ಹೋಗುತ್ತದೆ!

ಉಪಾಧ್ಯಾಯರ ನಿಜವಾದ ಕಷ್ಟವು ಮೊದಲಾಗುವುದು ಇಲ್ಲಿಯೇ. ಮಕ್ಕಳೆದುರು ಪ್ರಯೋಗವು ತಪ್ಪಿತೆಂದು ಅಳುಕಿದವರು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಮತ್ತೆ ಬಾಯಿಪಾಠಕ್ಕೆ ಮರಳಬಹುದು. ಜೊತೆಗಾರರೊಡನೆ ಕುಳಿತು ವಿಚಾರಿಸುವ ಅವಕಾಶವಿದ್ದರೆ ಕಾರಣವು ತಿಳಿಯುತ್ತದೆ. ಬುಡದ ನೀರು ಅತ್ಯಂತ ವೇಗದಿಂದ ಹೊರಟರೂ ಕೂಡಲೇ ನೆಲವನ್ನು ಮುಟ್ಟಿಬಿಡುತ್ತದೆ. ದೂರ ಸಾಗಲು ಅದಕ್ಕೆ ಕಾಲವೇ ಇಲ್ಲ. ಡಬ್ಬಿಯನ್ನು ಎತ್ತರದ ಮೇಜಿನ ಅಂಚಿನಲ್ಲಿಟ್ಟು ನೀರು ನೆಲಕ್ಕೆ ಬೀಳುವಂತೆ ಮಾಡಿದರೆ ಬುಡದ ಧಾರೆಯೇ ಮುಂದಾಗುತ್ತದೆ. ಅಣೆಕಟ್ಟಿನ ಬುಡವನ್ನು ಅಗಲವಾಗಿ ಕಟ್ಟುವುದೇಕೆಂಬುದೂ ಆಗ ಮಕ್ಕಳಿಗೆ ಮನದಟ್ಟಾಗುತ್ತದೆ.

ಇಂತಹ ಬೆಂಬಲವನ್ನು ವ್ಯವಸ್ಥಿತವಾಗಿ ನೀಡಿದ ಪ್ರಯತ್ನವೊಂದು 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರಂಭವಾಯಿತು. ಅಲ್ಲಿ ಉಪಾಧ್ಯಾಯರು ಮೊದಲು ತಾವೇ ವಿದ್ಯಾರ್ಥಿಗಳಂತೆ ಪ್ರಯೋಗಗಳನ್ನು ಮಾಡಿದರು. ತಿಂಗಳಿಗೊಮ್ಮೆ ಸೇರಿ ತಮ್ಮ ತೊಡಕುಗಳನ್ನು ಚರ್ಚಿಸಿದರು. ವಿಶ್ವವಿದ್ಯಾಲಯಗಳ ವಿಜ್ಞಾನಿಗಳೂ ಅವರ ಜೊತೆಗೂಡಿದರು. ನೂರಾರು ಶಾಲೆಗಳಿಗೆ ಹಬ್ಬಿದ ಈ ಕಾರ್ಯಕ್ರಮವನ್ನು ಸರ್ಕಾರವು 2002ರಲ್ಲಿ ನಿಲ್ಲಿಸಿತು. ಆದರೂ ಅದು ತೋರಿದ ದಾರಿ ಮಾಸಿಲ್ಲ. ನಮ್ಮ ನಾಡಿನಲ್ಲಿ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ ವಿಜ್ಞಾನವನ್ನು ಹರಡಲು ಶ್ರಮಿಸಿದೆ.

ಶಾಲೆಗೆ ಉಪಕರಣಗಳ ಪೆಟ್ಟಿಗೆಯನ್ನು ಕಳುಹಿಸುವುದು ಸುಲಭ. ಅದನ್ನು ತೆರೆಯುವ ಧೈರ್ಯವನ್ನು ಉಪಾಧ್ಯಾಯರಿಗೆ ತುಂಬುವುದೇ ಮುಖ್ಯ. “ನನಗೂ ಗೊತ್ತಿಲ್ಲ, ಬನ್ನಿ, ಮಾಡಿ ನೋಡೋಣ” ಎಂದು ಗುರುಗಳು ನುಡಿದ ದಿನ ತರಗತಿಯೇ ಪ್ರಯೋಗಶಾಲೆಯಾಗುತ್ತದೆ.