ಹೆಪ್ಪಿನ ಶತ್ರು

ಕಾಸಿ ಆರಿಸಿದ ಹಾಲಿಗೆ ಒಂದು ಚಮಚ ಮೊಸರನ್ನು ಬೆರೆಸಿಟ್ಟರೆ ಮರುದಿನ ಪ್ರಾತಃಕಾಲಕ್ಕೆ ಗಟ್ಟಿ ಮೊಸರು ಸಿದ್ಧವಾಗಿರುತ್ತದೆ. ಸ್ವರ್ಣಾ ನದಿಯ ತೀರದ ಕಲ್ಯಾಣಪುರದಲ್ಲಿ ಇದನ್ನರಿಯದ ಮನೆಯಿಲ್ಲ. ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳೇ ಈ ಕಾರ್ಯದ ಕರ್ತೃಗಳು. ಒಮ್ಮೊಮ್ಮೆ ಹೆಪ್ಪು ಕೂಡದೆ ಹಾಲು ನೀರಾಗಿಯೇ ಉಳಿದಾಗ ಚಳಿಯನ್ನೋ ಹಾಲಿನವನನ್ನೋ ದೂರುವುದು ವಾಡಿಕೆ. ಆದರೆ ಹಾಲಿನ ದೊಡ್ಡ ಕಾರ್ಖಾನೆಗಳವರು ಮುಖ್ಯವಾಗಿ ಭಯಪಡುವುದು ಬೇರೊಬ್ಬ ವೈರಿಗೆ.

ಬ್ಯಾಕ್ಟೀರಿಯಗಳಿಗೂ ವೈರಸ್ ತಗಲುತ್ತದೆ. ಇಂಥ ವೈರಸ್ಸನ್ನು 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್ ಎಂಬವರೂ 1917ರಲ್ಲಿ ಪ್ಯಾರಿಸ್ಸಿನಲ್ಲಿ ಡೆರೆಲ್ ಎಂಬವರೂ ಗುರುತಿಸಿದರು. ಇದಕ್ಕೆ ಫೇಜ್ ಎಂದು ಹೆಸರು. ಅದು ಬ್ಯಾಕ್ಟೀರಿಯದ ಹೊರಕವಚಕ್ಕೆ ಅಂಟಿ, ತನ್ನ ವಂಶದ್ರವ್ಯವನ್ನು ಒಳಕ್ಕೆ ಸೇರಿಸುತ್ತದೆ. ಸುಮಾರು ಒಂದು ಗಂಟೆಯೊಳಗೆ ಆ ಜೀವಕೋಶವು ಒಡೆದು ಹತ್ತಾರು ಹೊಸ ಫೇಜ್‌ಗಳು ಹೊರಬೀಳುತ್ತವೆ. ಬ್ಯಾಕ್ಟೀರಿಯವು ಒಂದು ಎರಡಾಗುವಷ್ಟರಲ್ಲಿ ಶತ್ರುವು ಒಂದು ಹತ್ತಾರಾಗುವುದರಿಂದ ಈ ಓಟದಲ್ಲಿ ಗೆಲ್ಲುವವರಾರೆಂದು ಹೇಳಬೇಕಾದುದಿಲ್ಲ.

ಇದರ ನಷ್ಟ ಮೊದಲು ಸ್ಪಷ್ಟವಾಗಿ ಕಂಡುಬಂದುದು ನ್ಯೂಜಿಲೆಂಡಿನ ಚೀಸ್ ಕಾರ್ಖಾನೆಗಳಲ್ಲಿ. ಅಲ್ಲಿ ಏಕರೂಪದ ಫಲಕ್ಕಾಗಿ ಒಂದೇ ತಳಿಯ ಶುದ್ಧ ಹೆಪ್ಪನ್ನು ಬಳಸತೊಡಗಿದರು. ಒಂದೊಂದು ಫೇಜ್ ಸಾಮಾನ್ಯವಾಗಿ ಕೆಲವೇ ತಳಿಗಳನ್ನು ಹಿಡಿಯುವುದು; ಆದರೆ ಇದ್ದುದೊಂದೇ ತಳಿಯಾದಾಗ ಅದು ಸತ್ತರೆ ಕೆಲಸವೆಲ್ಲ ನಿಂತಿತು. 1935ರಲ್ಲಿ ವೈಟ್‌ಹೆಡ್ ಮತ್ತು ಕಾಕ್ಸ್ ಎಂಬ ವಿಜ್ಞಾನಿಗಳು ಈ ವೈಫಲ್ಯಕ್ಕೆ ಫೇಜೇ ಕಾರಣವೆಂದು ತೋರಿಸಿಕೊಟ್ಟರು. ಹಾಲನ್ನು ಪಾಶ್ಚರೀಕರಿಸಿದರೂ ಹಲವು ಫೇಜ್‌ಗಳು ಉಳಿಯುತ್ತವೆ; ಚೀಸಿನಿಂದ ಬಸಿದ ನೀರಿನ ಹನಿಯೊಂದಿಗೆ ಅವು ಕಾರ್ಖಾನೆಯನ್ನೆಲ್ಲ ಸುತ್ತಬಲ್ಲವು. ಆದಕಾರಣ ಇಂದಿಗೂ ತಜ್ಞರು ಪಾತ್ರೆಗಳನ್ನು ಕಟ್ಟುನಿಟ್ಟಾಗಿ ಶುದ್ಧಗೊಳಿಸುತ್ತಾರೆ, ಬೇರೆ ಬೇರೆ ತಳಿಗಳನ್ನು ಸರದಿಯಂತೆ ಬಳಸುತ್ತಾರೆ.

ನಮ್ಮ ಮನೆಯ ಹೆಪ್ಪು ಹಲವು ತಳಿಗಳ ಕೂಡುಕುಟುಂಬ. ಒಂದು ತಳಿ ಕುಸಿದರೂ ಮತ್ತೊಂದು ಕೆಲಸವನ್ನು ಮುಂದುವರಿಸಬಹುದು. ಹೆಪ್ಪು ಕೆಟ್ಟಾಗ ಪಾತ್ರೆಯನ್ನು ಕುದಿಯುವ ನೀರಿನಲ್ಲಿ ತೊಳೆದು, ನೆರೆಮನೆಯಿಂದ ಬೇರೆ ಹೆಪ್ಪನ್ನು ಕೇಳಿ ತರುವ ನಮ್ಮ ಹೆಂಗಸರ ಪದ್ಧತಿಯು ಆ ತಜ್ಞರ ಉಪಾಯಕ್ಕೆ ಹತ್ತಿರವಾದುದೇ. ಈ ಫೇಜ್‌ಗಳು ಮನುಷ್ಯನಿಗೆ ರೋಗವನ್ನು ತರುವವಲ್ಲ, ಗಾಬರಿಗೆ ಕಾರಣವಿಲ್ಲ.

ಬ್ಯಾಕ್ಟೀರಿಯವೂ ನಿರಾಯುಧವಲ್ಲ. ದಾಳಿಯಿಂದ ಪಾರಾದ ಮೊಸರಿನ ಬ್ಯಾಕ್ಟೀರಿಯವೊಂದು ಫೇಜಿನ ವಂಶದ್ರವ್ಯದ ತುಣುಕನ್ನು ತನ್ನಲ್ಲಿ ಜೋಪಾನವಾಗಿರಿಸಿಕೊಂಡು, ಮುಂದೆ ಅದೇ ಶತ್ರು ಬಂದಾಗ ಗುರುತು ಹಿಡಿಯುವುದೆಂದು 2007ರಲ್ಲಿ ಪ್ರಯೋಗದಿಂದ ಸಿದ್ಧಪಟ್ಟಿತು. ಕ್ರಿಸ್ಪರ್ ಎಂಬ ಈ ವ್ಯವಸ್ಥೆಯನ್ನೇ ವಂಶದ್ರವ್ಯವನ್ನು ತಿದ್ದುವ ಉಪಕರಣವಾಗಿಸಿದ ಶಾರ್ಪೆಂಟಿಯೇ ಮತ್ತು ಡೌಡ್ನಾ ಎಂಬ ವಿದುಷಿಯರಿಗೆ 2020ರ ನೊಬೆಲ್ ಪಾರಿತೋಷಕವು ಸಂದಿತು. ಮೊಸರಿನ ಗಡಿಗೆಯಲ್ಲಿ ನಡೆಯುವ ಕಾಳಗವು ವೈದ್ಯಶಾಸ್ತ್ರಕ್ಕೂ ಹೊಸ ಆಯುಧವನ್ನೊದಗಿಸಿದೆ.