ಒಂದಕ್ಕೊಂದಿದ್ದ ಶಿಲ್ಲಿಂಗ್ ಇಪ್ಪತ್ತೆಂಟಾದ ಕಥೆ

ಕೆನ್ಯಾದ ಒಂದು ಶಿಲ್ಲಿಂಗ್ ಕೊಟ್ಟರೆ ಇವತ್ತು ಉಗಾಂಡದ ಸುಮಾರು 28 ಶಿಲ್ಲಿಂಗ್ ಸಿಗುತ್ತದೆ. 1966ರಲ್ಲಿ ಸಿಗುತ್ತಿದ್ದದ್ದು ಒಂದೇ ಒಂದು. ಅಕ್ಕಪಕ್ಕದ ದೇಶಗಳು, ಹಣಕ್ಕೆ ಒಂದೇ ಹೆಸರು, ಎರಡೂ ಹುಟ್ಟಿದ್ದು ಒಂದೇ ವರ್ಷ. ಹಾಗಾದರೆ ನಡುವೆ ನಡೆದದ್ದೇನು?

ಬಿಇ ಐದನೇ ಸೆಮಿಸ್ಟರಿನ ಡೇಟಾ ಅನಾಲಿಸಿಸ್ ಮಿನಿ ಪ್ರಾಜೆಕ್ಟಿಗೆ ನಾನು ಈ ಪ್ರಶ್ನೆಯನ್ನೇ ಆರಿಸಿಕೊಂಡೆ. ಗೆಳೆಯರೆಲ್ಲ ಕ್ರಿಕೆಟ್ ಸ್ಕೋರು, ಪೆಟ್ರೋಲ್ ಬೆಲೆ ಅಂತ ಹೊರಟಿದ್ದರು. ನಮ್ಮ ಹಾಸ್ಟೆಲಿನಲ್ಲಿ ಉಗಾಂಡದ ವಿದ್ಯಾರ್ಥಿಯೊಬ್ಬನಿದ್ದಾನೆ. ಮನೆಯಿಂದ ಫೀಸಿನ ಹಣ ಬರುವ ವಾರ ಅವನು ದಿನಕ್ಕೆ ಹತ್ತು ಸಲ ಡಾಲರ್ ದರ ನೋಡುವುದನ್ನು ಕಂಡೇ ನನಗೆ ಕುತೂಹಲ ಹುಟ್ಟಿದ್ದು.

ಈ ಕಥೆಯ ಆರಂಭದಲ್ಲಿ ನಮ್ಮ ರೂಪಾಯಿಯೂ ಇದೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಪೂರ್ವ ಆಫ್ರಿಕಾದಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ! 1920ರ ನಂತರ ಅದನ್ನು ಹಿಂದಕ್ಕೆ ಪಡೆದು, ಒಂದು ರೂಪಾಯಿಗೆ ಎರಡರ ಲೆಕ್ಕದಲ್ಲಿ ಶಿಲ್ಲಿಂಗ್ ತಂದರು. ಕೆನ್ಯಾ, ಉಗಾಂಡ, ಟಾಂಗಾನಿಕಾ ಮೂರಕ್ಕೂ ಒಂದೇ ನೋಟು. ಸ್ವಾತಂತ್ರ್ಯದ ನಂತರ, 1966ರಲ್ಲಿ, ಈ ದೇಶಗಳು ತಮ್ಮ ತಮ್ಮ ಶಿಲ್ಲಿಂಗ್ ಅಚ್ಚು ಹಾಕಿದವು. ಎಲ್ಲಕ್ಕೂ ಡಾಲರಿಗೆ 7.14ರ ದರ. ಅದೇ ವರ್ಷದ ಜೂನ್‌ನಲ್ಲಿ ಅಪಮೌಲ್ಯಗೊಂಡ ನಮ್ಮ ರೂಪಾಯಿ ಡಾಲರಿಗೆ 7.50 ಆಯಿತು. ಅಂದರೆ ರೂಪಾಯಿ, ಕೆನ್ಯಾ ಶಿಲ್ಲಿಂಗ್, ಉಗಾಂಡ ಶಿಲ್ಲಿಂಗ್ ಮೂರೂ ಆಗ ಹೆಚ್ಚುಕಡಿಮೆ ಸಮ.

ಎರಡು ಕರೆನ್ಸಿಗಳ ಹಳೆಯ ದರ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಎರಡಕ್ಕೂ ಆಯಾ ವರ್ಷದ ಡಾಲರ್ ದರ ಹುಡುಕಿ, ಒಂದನ್ನು ಇನ್ನೊಂದರಿಂದ ಭಾಗಿಸಿದರಾಯಿತು. ಇದಕ್ಕೆ ಕ್ರಾಸ್ ರೇಟ್ ಎನ್ನುತ್ತಾರೆ. ಆದರೆ ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಉಗಾಂಡದ 1966ರ ದರ 7.14 ಅಲ್ಲ, 0.07 ಎಂದಿದೆ. ಸುಮ್ಮನೆ ಓದಿದರೆ ಒಂದು ಶಿಲ್ಲಿಂಗ್‌ಗೆ 14 ಡಾಲರ್ ಸಿಗುತ್ತಿತ್ತೇನೋ ಅನ್ನಿಸಬೇಕು. ಅಸಲಿಗೆ 1987ರಲ್ಲಿ ಉಗಾಂಡ ತನ್ನ ಹಣದಿಂದ ಎರಡು ಸೊನ್ನೆ ತೆಗೆದುಹಾಕಿತು. ಹಳೆಯ 100 ಶಿಲ್ಲಿಂಗ್ ಹೊಸದೊಂದಕ್ಕೆ ಸಮವಾಯಿತು. ಪಟ್ಟಿ ಮಾಡುವವರು ಹಿಂದಿನ ಅಂಕಿಗಳನ್ನೂ ನೂರರಿಂದ ಭಾಗಿಸಿಟ್ಟಿದ್ದಾರೆ. ಹಳೆಯ ಲೆಕ್ಕದಲ್ಲೇ ಹೇಳುವುದಾದರೆ, ಇವತ್ತಿನ ದರ ಒಂದಕ್ಕೆ 28 ಅಲ್ಲ, 2,800!

ಈ ತಿದ್ದುಪಡಿಯ ನಂತರ ಗ್ರಾಫ್ ಬರೆದಾಗ ಕಂಡದ್ದು ಇನ್ನೂ ವಿಚಿತ್ರ. 1966ರಿಂದ 1980ರವರೆಗೆ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಒಂದಕ್ಕೆ ಒಂದು. ಎಷ್ಟು ನೆಮ್ಮದಿಯ ಕಾಲ ಅನ್ನಿಸುತ್ತದೆ ಅಲ್ಲವೇ? ಆದರೆ ಇದೇ ಅವಧಿಯಲ್ಲಿ, 1971ರಲ್ಲಿ, ಇದಿ ಅಮೀನ್ ಉಗಾಂಡದ ಅಧಿಕಾರ ಹಿಡಿದ. 1972ರಲ್ಲಿ ಭಾರತೀಯ ಮೂಲದವರೂ ಸೇರಿ ಹತ್ತಾರು ಸಾವಿರ ಏಷ್ಯನ್ನರಿಗೆ ದೇಶ ಬಿಡಲು 90 ದಿನ ಕೊಟ್ಟ. ಅಂಗಡಿ, ಕಾರ್ಖಾನೆಗಳು ಹಾಳುಬಿದ್ದವು. ಸಕ್ಕರೆ, ಸೋಪು, ಉಪ್ಪಿಗೂ ತತ್ವಾರ. ಸರಕಾರ ಮಾತ್ರ ನೋಟು ಅಚ್ಚು ಹಾಕುತ್ತಲೇ ಹೋಯಿತು. ಅಧಿಕೃತ ದರ ಕದಲಲಿಲ್ಲ, ಏಕೆಂದರೆ ಅದನ್ನು ಬರೆಯುತ್ತಿದ್ದದ್ದೂ ಸರಕಾರವೇ.

ನಿಜವಾದ ದರ ಇದ್ದದ್ದು ಕಾಳಸಂತೆಯಲ್ಲಿ. ಉಗಾಂಡದ ಜನ ಅದನ್ನು 'ಮಗೆಂಡೊ' ಎನ್ನುತ್ತಿದ್ದರು. ಅಧಿಕೃತವಾಗಿ ಸಮಾನವಾಗಿದ್ದ ಎರಡು ಶಿಲ್ಲಿಂಗ್‌ಗಳ ನಡುವೆ ಅಲ್ಲಿ ಅಜಗಜಾಂತರ. ಹಾಗಾಗಿಯೇ ಉಗಾಂಡದ ಕಾಫಿ ಕಳ್ಳದಾರಿಯಲ್ಲಿ ಗಡಿ ದಾಟಿ ಕೆನ್ಯಾ ಸೇರುತ್ತಿತ್ತು. ಸರಕಾರಕ್ಕೆ ಕಾಫಿ ಮಾರಿದ ಪ್ರಾಮಾಣಿಕ ರೈತನಿಗೆ ಸಿಕ್ಕಿದ್ದು, ಕೊಳ್ಳಲು ಏನೂ ಇಲ್ಲದ ನಾಡಿನ ನೋಟುಗಳು. 1981ರಲ್ಲಿ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ ಎಂಟರ ಆಸುಪಾಸಿನಲ್ಲಿದ್ದ ಶಿಲ್ಲಿಂಗ್ ಒಮ್ಮೆಲೇ 78ರ ಹತ್ತಿರಕ್ಕೆ ಬಿತ್ತು. ಹತ್ತು ವರ್ಷದ ಸುಳ್ಳು ಒಂದೇ ಏಟಿಗೆ ಹೊರಬಿದ್ದಿತ್ತು.

ಗ್ರಾಫ್ ತೋರಿಸಿದಾಗ ಹಾಸ್ಟೆಲಿನ ಗೆಳೆಯ 1987ರ ಚುಕ್ಕೆಯ ಮೇಲೆ ಬೆರಳಿಟ್ಟ. 'ನಮ್ಮಜ್ಜಿ ಕಾಫಿ ಮಾರಿ ಡಬ್ಬಿಯಲ್ಲಿ ಹಣ ಕೂಡಿಟ್ಟಿದ್ದಳು. ಅದು ಹೋದದ್ದು ಇಲ್ಲಿ' ಎಂದ. ಆ ವರ್ಷ ಸೊನ್ನೆ ತೆಗೆದದ್ದಷ್ಟೇ ಅಲ್ಲ, ನೋಟು ಬದಲಿಸುವಾಗ ಶೇ 30ರಷ್ಟು ತೆರಿಗೆಯನ್ನೂ ಮುರಿದುಕೊಂಡರು. ಹಳೆಯ 10,000 ಶಿಲ್ಲಿಂಗ್ ಕೊಟ್ಟವರ ಕೈಗೆ ಬಂದದ್ದು ಹೊಸ 70. ಆಗಿನ ಹೊಸ ದರ ಡಾಲರಿಗೆ 60. 1966ರಲ್ಲಿ 1,400 ಡಾಲರ್ ಬೆಲೆಬಾಳುತ್ತಿದ್ದ ಹಣಕ್ಕೆ ಒಂದು ಡಾಲರ್ ಮತ್ತು ಸ್ವಲ್ಪ ಚಿಲ್ಲರೆ!

1990ರಲ್ಲಿ ಉಗಾಂಡ ಖಾಸಗಿ ಫಾರೆಕ್ಸ್ ಬ್ಯೂರೋಗಳಿಗೆ ಅನುಮತಿ ಕೊಟ್ಟಿತು. 1993ರಲ್ಲಿ ಕೆನ್ಯಾ ಕೂಡ ತನ್ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಅಲ್ಲಿಂದ ಗ್ರಾಫಿನ ಗೆರೆ ಅಂಕುಡೊಂಕು. ಇಪ್ಪತ್ತರ ಹತ್ತಿರ ಇಳಿಯುತ್ತದೆ, ಮೂವತ್ತೈದರವರೆಗೆ ಏರುತ್ತದೆ, ಮತ್ತೆ ಇಳಿಯುತ್ತದೆ. ನೋಡಲು ಗೊಂದಲ. ಆದರೆ ನನ್ನ ಗೆಳೆಯನ ಮನೆಯವರು ಬ್ಯಾಂಕಿಗೆ ಹೋದರೆ ಬೋರ್ಡಿನ ಮೇಲಿರುವ ದರಕ್ಕೇ ಡಾಲರ್ ಸಿಗುತ್ತದೆ. ಅವನು ಇಲ್ಲಿ ಓದುತ್ತಿರುವುದು ಆ ಅಂಕುಡೊಂಕು ಗೆರೆಯ ದಯೆಯಿಂದ.

ಕೆಲಸ ಹುಡುಕುವ ನಮಗೂ ಇದರಲ್ಲಿ ಪಾಠವಿದೆ. ಕಂಪಾಲಾದಲ್ಲಿ ತಿಂಗಳಿಗೆ 40 ಲಕ್ಷ ಶಿಲ್ಲಿಂಗ್ ಸಂಬಳ ಎಂದರೆ ಬಾಯಿ ತೆರೆಯಬೇಡಿ, ರೂಪಾಯಿಯಲ್ಲಿ ಅದು ಒಂದು ಲಕ್ಷದ ಆಸುಪಾಸು. ಹಾಗೆಯೇ 28 ಎಂಬ ಅಂಕಿ ನೋಡಿ ಕೆನ್ಯಾದವರು ಉಗಾಂಡದವರಿಗಿಂತ 28 ಪಟ್ಟು ಶ್ರೀಮಂತರು ಎಂದುಕೊಳ್ಳುವುದೂ ಬೇಡ. ದರ ಎಷ್ಟು ಎಂಬುದರ ಜೊತೆಗೆ, ಆ ದರಕ್ಕೆ ಹಣ ನಿಜವಾಗಿ ಸಿಗುತ್ತದೆಯೇ, ಅಲ್ಲಿ ಒಂದು ಊಟಕ್ಕೆ, ಒಂದು ಕೋಣೆಯ ಬಾಡಿಗೆಗೆ ಎಷ್ಟಾಗುತ್ತದೆ ಎಂದು ಕೇಳಿ. ಪ್ರಾಜೆಕ್ಟಿಗೆ ಡೇಟಾ ಹುಡುಕುವವರು ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಈ ಅಂಕಿಯನ್ನು ಬರೆದವರು ಯಾರು?