ಒಡಿಕತ್ತಿಯ ಹದ

ಕೊಡವರ ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರವನ್ನು ಕಂಡವರಿಗೆ ಒಡಿಕತ್ತಿಯ ಪರಿಚಯ ಇದ್ದೇ ಇರುತ್ತದೆ. ಅಗಲವಾದ, ಬಾಗಿದ ಕತ್ತಿ ಅದು. ಹರಿತವಾದ ಬಾಯಿ ಬಾಗಿನ ಒಳಮಗ್ಗುಲಲ್ಲಿರುತ್ತದೆ. ಬೆನ್ನ ಹಿಂದೆ, ನಡುಪಟ್ಟಿಯಲ್ಲಿರುವ ‘ತೊಡಂಗ್’ ಎಂಬ ಲೋಹದ ಕೊಂಡಿಗೆ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಮುಂದೆ ಚೇಲೆಗೆ ಸಿಕ್ಕಿಸುವ ಬೆಳ್ಳಿ ಕೆಲಸದ ಪೀಚೆಕತ್ತಿ ಬೇರೆ. ಅದು ಅಲಂಕಾರಕ್ಕಾದರೆ, ಇದು ಕಾಳಗಕ್ಕೂ ಕಾಡಿಗೂ ಒದಗಿದ ಕತ್ತಿ.

ಬೇಟೆಗೆ ಹೊರಟವನಿಗೆ ಇಂಥ ಕತ್ತಿಯಿಂದ ಆಗಬೇಕಾದ ಕೆಲಸವೇನು? ದಾರಿಗಡ್ಡವಾದ ಬಳ್ಳಿ ಬಿದಿರುಗಳನ್ನು ಸವರಬೇಕು. ಹೊಡೆದ ಹಂದಿಯನ್ನು ಕಡಿದು ಪಾಲು ಹಾಕಬೇಕು. ಬಾಯಿ ಮೆತ್ತಗಿದ್ದರೆ ಬಿದಿರಿನ ಗಿಣ್ಣಿಗೆ ತಾಗಿ ಮಡಿಯುತ್ತದೆ. ತೀರ ಗಡುಸಾಗಿದ್ದರೆ ಮೂಳೆಗೆ ತಾಗಿ ಚೂರು ಹಾರುತ್ತದೆ. ಗಡುಸುತನವೂ ಬೇಕು, ತಾಳಿಕೆಯೂ ಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕಡಿಮೆಯಾಗುತ್ತದೆ. ಇವೆರಡನ್ನೂ ಹೊಂದಿಸುವುದೇ ಕಮ್ಮಾರನ ಜಾಣ್ಮೆ.

ಅದು ಹೇಗೆಂದು ನೋಡೋಣ. ಕಬ್ಬಿಣದಲ್ಲಿ ನೂರಕ್ಕೆ ಅರ್ಧದಿಂದ ಒಂದು ಭಾಗದಷ್ಟು ಇಂಗಾಲ ಸೇರಿದಾಗ ಕತ್ತಿಗೆ ತಕ್ಕ ಉಕ್ಕಾಗುತ್ತದೆ. ಇದನ್ನು ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕೆಂಪಗೆ ಕಾಯಿಸಿ ಥಟ್ಟನೆ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಬಹಳ ಗಡುಸಾಗುತ್ತದೆ. ಆದರೆ ಗಾಜಿನಂತೆ ಒಡೆಯುವ ಸ್ವಭಾವವೂ ಬರುತ್ತದೆ. ಆದ್ದರಿಂದ ಮತ್ತೊಮ್ಮೆ ಹಗುರವಾಗಿ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೇಲೆ ಆಗ ಬಣ್ಣ ಹತ್ತುತ್ತದೆ: ಸುಮಾರು 220 ಡಿಗ್ರಿಗೆ ಹುಲ್ಲಿನ ತಿಳಿಹಳದಿ, ಅನಂತರ ಕಂದು, 300 ಡಿಗ್ರಿಯ ಹತ್ತಿರ ನೀಲಿ. ಬಣ್ಣ ಮುಂದೆ ಹೋದಷ್ಟೂ ಗಡುಸು ಇಳಿದು ತಾಳಿಕೆ ಏರುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲ ಕೈ ಮಾಡಿದ ಕತ್ತಿ ತಲೆಮಾರುಗಳ ಕಾಲ ಬಾಳುತ್ತದೆ.

ಇಷ್ಟು ಬಾಳುವ ಹದವನ್ನು ಕೆಡಿಸಲು ಒಂದು ನಿಮಿಷ ಸಾಕು. ತುಕ್ಕು ಹಿಡಿದ ಹಳೆಯ ಕತ್ತಿಯನ್ನು ವಿದ್ಯುತ್ತಿನ ಸಾಣೆಚಕ್ರಕ್ಕೆ ಒತ್ತಿ ಹಿಡಿದಾಗ ಕಿಡಿ ಹಾರಿ ಬಾಯಿ ನೀಲಿಗಟ್ಟುವುದನ್ನು ತಾವು ಕಂಡಿರಬಹುದು. ಆ ನೀಲಿ ಕುಲುಮೆಯಲ್ಲಿ ಕಂಡ ನೀಲಿಯೇ. ಅಷ್ಟು ಭಾಗದ ಗಡುಸು ಇಳಿದುಹೋಯಿತೆಂದು ತಿಳಿಯಬೇಕು. ಕತ್ತಿ ಥಳಥಳಿಸುತ್ತದೆ, ಹರಿತ ನಿಲ್ಲುವುದಿಲ್ಲ. ಹಳೆಯ ಕತ್ತಿಗೆ ನೀರು ಹಾಕಿ ಕಲ್ಲಿನ ಮೇಲೆ ಕೈಯಿಂದ ಮಸೆಯುವುದೇ ಕ್ಷೇಮ. ಹುಳಿಯಾದ ಹಣ್ಣನ್ನೋ ಮಾಂಸವನ್ನೋ ಕೊಯ್ದ ಮೇಲೆ ತೊಳೆದು, ಒರೆಸಿ, ತೆಳುವಾಗಿ ಎಣ್ಣೆ ಸವರಿಡಬೇಕು. ಬಾಯಿ ಕಪ್ಪಾದರೆ ಹೆದರಬೇಕಾಗಿಲ್ಲ. ಕೆಂಪು ತುಕ್ಕು ಮಾತ್ರ ಉಕ್ಕನ್ನು ತಿನ್ನುತ್ತದೆ.

ಕತ್ತಿ ಹುಟ್ಟಿದ ಕೆಲಸ ಈಗ ಉಳಿದಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1991ರ ತಿದ್ದುಪಡಿಯಿಂದ ಬೇಟೆಯ ಲೈಸೆನ್ಸುಗಳೂ ನಿಂತವು. ಕಾಡಿನ ಪ್ರಾಣಿಗಳ ಹಿತಕ್ಕೆ ಅದು ಸರಿಯಾದದ್ದೇ. ಆದರೂ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಶುಚಿಮಾಡಿ, ತೋಕ್‌ಪೂ ಮುಡಿಸಿ ಪೂಜಿಸುವುದು ನಡೆದೇ ಇದೆ. ತಮ್ಮ ಮನೆಯಲ್ಲೂ ಹಿರಿಯರ ಕತ್ತಿಯೊಂದಿದ್ದರೆ, ಹಬ್ಬಕ್ಕೆ ಮುಂಚೆ ಅದನ್ನು ಸಾಣೆಚಕ್ರದವನಿಗೆ ಕೊಡಬೇಡಿ. ಕಲ್ಲು, ನೀರು, ಎಣ್ಣೆ, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು. ಕಮ್ಮಾರ ಕೊಟ್ಟ ಹದ ಮೊಮ್ಮಕ್ಕಳ ಕೈಗೂ ಹಾಗೆಯೇ ಸೇರುತ್ತದೆ.